ಗುಲಾಬಿ ಬಣ್ಣವೂ ನಮ್ಮ ಮನೆಗಳೂ

ಈ ವಾರ್ಷಿಕ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ಕನ್ನಡ ವಿಭಾಗದ ಗುರುಗಳು ಅಪ್ಪಣೆ ಮಾಡಿದಾಗ ನನ್ನ ಸಹಪಾಠಿಗಳಲ್ಲಿ ಒಬ್ಬರು ನಿರುದ್ಯೋಗದ ಸಮಸ್ಯೆಯನ್ನೂ ಇನ್ನೊಬ್ಬರು ವಚನಕಾರರ ಸಮಾಜದೃಷ್ಟಿಯನ್ನೂ ಆರಿಸಿಕೊಂಡರು. ನಾನು ಗೋಡೆಗೆ ಬಳಿಯುವ ಗುಲಾಬಿ ಬಣ್ಣದ ಬಗ್ಗೆ ಬರೆಯುವೆನೆಂದಾಗ ತರಗತಿಯಲ್ಲಿ ನಗೆಯೆದ್ದಿತು. “ಹುಡುಗಿಯರ ವಿಷಯ” ಎಂದು ಹಿಂದಿನ ಬೆಂಚಿನಿಂದ ಒಂದು ಮಾತೂ ಕೇಳಿಬಂದಿತು. ಆ ಮಾತನ್ನಾಡಿದ ಮಹಾಶಯರಿಗೆ ನಾನು ಕೃತಜ್ಞಳು. ಲೇಖನವನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಕುಳಿತಿದ್ದ ನನಗೆ ಅವರು ದಾರಿ ತೋರಿಸಿಕೊಟ್ಟರು. ಗುಲಾಬಿ ಬಣ್ಣವು ಹುಡುಗಿಯರ ವಿಷಯವಾದುದು ಯಾವಾಗ, ಆದುದರಿಂದ ಹುಡುಗಿಯರಿಗೆ ದೊರೆತುದೇನು ಎಂಬುದೇ ನಾನಿಲ್ಲಿ ವಿಚಾರ ಮಾಡಹೊರಟಿರುವ ಸಂಗತಿ.

ನನ್ನ ಊರು ಜೇವರ್ಗಿ ತಾಲ್ಲೂಕಿನ ನೆಲೋಗಿ. ಕಲಬುರಗಿಯಿಂದ ಹೊರಟ ಬಸ್ಸು ಕಟ್ಟಿಸಂಗಾವಿಯ ಬಳಿ ಭೀಮಾನದಿಯನ್ನು ದಾಟಿ, ಜೇವರ್ಗಿಯನ್ನು ಹಿಂದೆ ಹಾಕಿ, ವಿಜಯಪುರದ ಹಾದಿ ಹಿಡಿದರೆ ನೆಲೋಗಿ ಕ್ರಾಸು ಸಿಕ್ಕುತ್ತದೆ. ಸುತ್ತಲೂ ಎರೆಭೂಮಿ, ತೊಗರಿ, ಹತ್ತಿ, ಜೋಳ. ನಮ್ಮ ಹಳೆಯ ಮನೆ ಕಲ್ಲುಗೋಡೆಯದು, ಮೇಲೆ ಮಣ್ಣಿನ ಮಾಳಿಗೆ, ಪಡಸಾಲೆಗೆ ಶಹಾಬಾದದ ಫರಸಿ. ನೆಲ ಕಪ್ಪು, ಕಲ್ಲು ಬೂದು, ಬೇಸಿಗೆಯಲ್ಲಿ ಧೂಳು ತುಂಬಿದ ಆಕಾಶವೂ ಬೂದು. ಬಣ್ಣಕ್ಕೆ ಹಸಿದ ಸೀಮೆ ನಮ್ಮದೆಂದರೆ ಅತಿಶಯೋಕ್ತಿಯಾಗಲಾರದು. ಆದುದರಿಂದಲೇ ಇರಬೇಕು, ಮನೆಗೆ ಸುಣ್ಣ-ಬಣ್ಣ ಹಚ್ಚುವುದೆಂದರೆ ನಮ್ಮವರಿಗೆ ಅಷ್ಟೊಂದು ಸಂಭ್ರಮ.

ಮಹಾನವಮಿ ಸಮೀಪಿಸಿತೆಂದರೆ ನಮ್ಮ ಆಯಿ ಹಳೆಯ ಹರವಿಯೊಂದರಲ್ಲಿ ಸುಣ್ಣದ ಹರಳು ನೆನೆಹಾಕುವಳು. ನೀರು ಬಿದ್ದೊಡನೆ ಅದು ಕೊತಕೊತ ಕುದಿಯುವುದನ್ನು ನೋಡಲು ನಾವು ಮಕ್ಕಳೆಲ್ಲ ಸುತ್ತುಗಟ್ಟುತ್ತಿದ್ದೆವು; ಕಣ್ಣಿಗೆ ಸಿಡಿದೀತೆಂದು ಆಕೆ ಬೈದು ಅಟ್ಟುತ್ತಿದ್ದಳು. ಅದು ತಣ್ಣಗಾಗಿ ಬೆಣ್ಣೆಯಂತಾದ ಮೇಲೆ ಬಟ್ಟೆಯಲ್ಲಿ ಸೋಸಿ, ಗೋಡೆಗೆ ಹಿಡಿಯಲೆಂದು ಅಂಟು ಬೆರೆಸಿ, ಎರಡು ಪಾಲು ಮಾಡುವಳು. ಒಂದು ಪಾಲಿಗೆ ಚಿಟಿಕೆ ನೀಲಿ. ಅದು ಅಡಿಗೆಮನೆಗೆ, ದೇವರ ಕೋಣೆಗೆ. ಇನ್ನೊಂದು ಪಾಲಿಗೆ ಸಂತೆಯಿಂದ ತಂದ ಕೆಮ್ಮಣ್ಣು, ಅದು ಪಡಸಾಲೆಗೆ. ಬಿಳಿಯ ಸುಣ್ಣದಲ್ಲಿ ಕೆಮ್ಮಣ್ಣು ಕದಡಿದಾಗ ಬರುವ ಆ ನಸುಗೆಂಪೇ ನಾನು ಕಂಡ ಮೊದಲ ಗುಲಾಬಿ. ಹಸಿಯಾಗಿದ್ದಾಗ ಅದು ಇಟ್ಟಿಗೆಯಂತೆ ಗಾಢವಾಗಿ ಕಾಣುವುದು, ಒಣಗಿದ ಮೇಲೆಯೇ ಅದರ ನಿಜವಾದ ಬಣ್ಣ ಹೊರಬೀಳುವುದು. ಎಷ್ಟು ಮಣ್ಣು ಹಾಕಿದರೆ ಒಣಗಿದ ಮೇಲೆ ಎಷ್ಟು ಉಳಿದೀತೆಂಬ ಲೆಕ್ಕವೆಲ್ಲ ಆಯಿಯ ಅಂಗೈಯಲ್ಲಿತ್ತು. ಗೋಡೆಯ ಬುಡಕ್ಕೆ ಬರೀ ಕೆಮ್ಮಣ್ಣಿನ ಕಾರಣೆ ಎಳೆದರೆ ಕೆಲಸ ಮುಗಿಯಿತು.

ಆ ಪಡಸಾಲೆಯಲ್ಲಿ ಕುಳಿತುಕೊಳ್ಳುತ್ತಿದ್ದವರಾದರೂ ಯಾರು? ನಮ್ಮ ಮುತ್ಯಾ ಮತ್ತು ಅವನ ಓರಗೆಯ ಹಿರಿಯರು. ಮದುವೆ-ಮುಂಜಿಗಳಿಗೆ ಹೊರಟಾಗ ಮುತ್ಯಾ ಸುತ್ತುತ್ತಿದ್ದ ರುಮಾಲೂ ಗುಲಾಬಿ ಬಣ್ಣದ್ದೇ. ಗುಲಾಬಿ ಗೋಡೆಗೆ ಒರಗಿ, ಗುಲಾಬಿ ರುಮಾಲು ಸುತ್ತಿ, ಹೊಲದ ಬದುವಿನ ವ್ಯಾಜ್ಯಗಳನ್ನು ಬಗೆಹರಿಸುತ್ತಿದ್ದ ಆ ದಪ್ಪ ಮೀಸೆಯ ಹಿರಿಯನ ಮುಂದೆ ನಿಂತು ಯಾರಾದರೂ “ಇದು ಹುಡುಗಿಯರ ಬಣ್ಣ” ಎಂದಿದ್ದರೆ ಏನಾಗುತ್ತಿತ್ತೆಂಬುದನ್ನು ಹಿಂದಿನ ಬೆಂಚಿನವರ ಊಹೆಗೇ ಬಿಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಹಳೆಯ ಮನೆಯ ಹಿತ್ತಲಿನ ಕಡೆಗೆ ಅಪ್ಪ ಎರಡು ಹೊಸ ಕೋಣೆಗಳನ್ನು ಕಟ್ಟಿಸಿದರು. ಸಿಮೆಂಟಿನ ಇಟ್ಟಿಗೆ, ಮೇಲೆ ಸ್ಲ್ಯಾಬು. ಒಂದು ಅಣ್ಣನಿಗೆ, ಒಂದು ನನಗೆ. ಮಹಾನವಮಿಗೆ ಮುಂಚೆ ಬಣ್ಣದವನು ಬಂದು, ಪೇಟೆಯ ಅಂಗಡಿಯಿಂದ ತಂದ ಶೇಡ್ ಕಾರ್ಡನ್ನು ಅಪ್ಪನ ಮುಂದೆ ಬಿಡಿಸಿ ಹಿಡಿದ. ನೂರಾರು ಚೌಕಗಳು, ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಹೆಸರು. ಅವನ್ನೆಲ್ಲ ನೋಡುವ ತೊಂದರೆಯನ್ನೂ ಅವನು ಅಪ್ಪನಿಗೆ ಕೊಡಲಿಲ್ಲ.

“ತಂಗಿ ಖೋಲಿಗಿ ಗುಲಾಬಿ, ಹುಡುಗನ ಖೋಲಿಗಿ ನೀಲಿ ಹಚ್ಚೋಣಲ್ರಿ ಕಾಕಾ?”

“ಹೂಂ, ಹಂಗೇ ಹಚ್ಚು,” ಎಂದರು ಅಪ್ಪ.

ತೀರ್ಮಾನವಾಗಿ ಹೋಯಿತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಬಹುಶಃ ನಾನೂ ಗುಲಾಬಿಯನ್ನೇ ಹೇಳುತ್ತಿದ್ದೆನೆಂಬುದು ಈ ಪ್ರಸಂಗದ ಸ್ವಾರಸ್ಯ. ನನಗೆ ಆ ಬಣ್ಣ ಇಷ್ಟ. ಆಯಿಯ ಪಡಸಾಲೆಯಲ್ಲಿ ಬೆಳೆದವಳಿಗೆ ಇಷ್ಟವಾಗದೆ ಹೇಗಿದ್ದೀತು? ಆದರೆ “ತಂಗಿ ಖೋಲಿ” ಎಂಬ ಹಣೆಪಟ್ಟಿಯೊಂದಿಗೆ ಅದು ಬಂದಾಗ ಮನಸ್ಸು ಹಿಂಜರಿಯಿತು. ನನಗೆ ಬೇಡವೆಂದುಬಿಟ್ಟೆ. ಹಟಮಾರಿಯೆಂದು ಅವ್ವ ಬೈದಳು. ಬೈಸಿಕೊಂಡು ಹೋಗಿ ಆ ಬೋಳು ಕೋಣೆಯಲ್ಲಿ ಕುಳಿತಾಗಲೇ ನನಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದದ್ದು. ಅಣ್ಣನ ಕೋಣೆಗೆ ಎದುರುಬದುರಾಗಿ ಎರಡು ದೊಡ್ಡ ಕಿಟಕಿಗಳು. ನನ್ನದಕ್ಕೆ ಎತ್ತರದಲ್ಲಿ ಒಂದೇ ಒಂದು ಬೆಳಕಿಂಡಿ. ಹುಡುಗಿಯ ಕೋಣೆಗೆ ಓಣಿಯ ಕಡೆ ಕಿಟಕಿ ಬೇಡವೆಂದು ಗೌಂಡಿಗೆ ಮೊದಲೇ ಹೇಳಿಯಾಗಿತ್ತಂತೆ. ಹಗಲಿನಲ್ಲಿಯೂ ದೀಪ ಹಾಕಿಕೊಂಡೇ ಓದಬೇಕು. ಬಣ್ಣದವನನ್ನು ಕೇಳಿದರೆ, “ಗುಲಾಬಿ ಹಚ್ಚಿದ್ರ ಖೋಲಿ ಬೆಳ್ಳಗ ಕಾಣ್ತದ, ತಂಗಿ” ಎಂದು ಸಮಾಧಾನ ಹೇಳಿದ. ಬೆಳಕಿಗೆ ಬದಲಾಗಿ ಬಣ್ಣ! ನನ್ನ ತಕರಾರೆಲ್ಲ ಇರುವುದು ಈ ಲೇವಾದೇವಿಯ ಬಗ್ಗೆಯೇ ಹೊರತು ಪಾಪ, ಆ ಬಣ್ಣದ ಬಗ್ಗೆ ಅಲ್ಲ.

ಹುಡುಗಿಗೆ ಗುಲಾಬಿ, ಹುಡುಗನಿಗೆ ನೀಲಿ ಎಂಬ ಈ ನಿಯಮವು ಮನುವಿನದೂ ಅಲ್ಲ, ಬ್ರಹ್ಮನದೂ ಅಲ್ಲ, ಅಂಗಡಿಯವರದು. ಅದೂ ಬಹಳ ಹಳೆಯದಲ್ಲ. ೧೯೧೮ರಲ್ಲಿ ಅಮೆರಿಕದ ಮಕ್ಕಳ ಉಡುಪಿನ ವ್ಯಾಪಾರಿಗಳ ಪತ್ರಿಕೆಯೊಂದು ಇದಕ್ಕೆ ತದ್ವಿರುದ್ಧವಾಗಿ, ಗುಲಾಬಿ ಗಟ್ಟಿಯಾದ ಬಣ್ಣವಾದುದರಿಂದ ಹುಡುಗರಿಗೂ, ನೀಲಿ ನಯವಾದುದರಿಂದ ಹುಡುಗಿಯರಿಗೂ ಒಪ್ಪುವುದೆಂದು ಬರೆದಿತ್ತು. ೧೯೫೩ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರರ ಪತ್ನಿ ಮೇಮಿಯವರು ಪದಗ್ರಹಣದ ಉತ್ಸವಕ್ಕೆ ಗುಲಾಬಿ ನಿಲುವಂಗಿ ತೊಟ್ಟು ಬಂದರು. ಆ ದಶಕದಲ್ಲಿ ಆ ದೇಶದ ಮನೆಗಳ ಬಚ್ಚಲುಗಳು, ಅಡಿಗೆಮನೆಗಳು ಗುಲಾಬಿ ಬಣ್ಣಕ್ಕೆ ತಿರುಗಿದವು. ಮನೆಯೊಳಗಿನ ಹೆಂಗಸಿನ ಬಣ್ಣ ಅದೆಂಬ ಭಾವನೆ ಅಲ್ಲಿಂದೀಚೆಗೆ ಬಲವಾಯಿತು. ಅಲ್ಲಿಂದ ಸಿನಿಮಾ, ಆಟಿಕೆ, ಜಾಹೀರಾತುಗಳ ಮೂಲಕ ಅದು ಶೇಡ್ ಕಾರ್ಡನ್ನೇರಿ ನೆಲೋಗಿಯವರೆಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ.

ನಮ್ಮ ನಾಡಿನ ಕಟ್ಟಡಗಳಾದರೋ ಬೇರೆಯೇ ಮಾತನ್ನು ಹೇಳುತ್ತವೆ. ಬಾದಾಮಿಗೆ ಪ್ರವಾಸ ಹೋದವರೆಲ್ಲ ಆ ಮರಳುಗಲ್ಲಿನ ಬಂಡೆಗಳ ಬಣ್ಣವನ್ನು ನೋಡಿದ್ದೀರಿ. ಮಧ್ಯಾಹ್ನ ಇಟ್ಟಿಗೆಗೆಂಪು, ಸಂಜೆಯಾಗುತ್ತಲೂ ಅಪ್ಪಟ ಗುಲಾಬಿ. ಚಾಲುಕ್ಯ ಮಂಗಳೇಶನು ೫೭೮ರಲ್ಲಿ ಮೂರನೆಯ ಗುಹಾಲಯವನ್ನು ಪೂರೈಸಿದ್ದು ಆ ಬಂಡೆಯಲ್ಲಿಯೇ. ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಪತಿಯಾದ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯ ಪಲ್ಲವರನ್ನು ಗೆದ್ದುದರ ನೆನಪಿಗೆ. ಹೆಂಗಸು ಕಟ್ಟಿಸಿದ್ದು, ಕಲ್ಲೂ ನಸುಗೆಂಪು. ಆದರೂ ಅದು ರಣವಿಜಯದ ಸ್ಮಾರಕ. ೧೮೯೭ರಲ್ಲಿ ಹಳೆಯ ಅರಮನೆ ಬೆಂಕಿಗೆ ತುತ್ತಾದ ಮೇಲೆ ೧೯೧೨ರ ಹೊತ್ತಿಗೆ ಸಿದ್ಧವಾದ ಮೈಸೂರಿನ ಈಗಿನ ಅರಮನೆಯ ಗೋಡೆ ಬೂದುಗಲ್ಲು, ಗುಮ್ಮಟಗಳು ಗುಲಾಬಿ ಅಮೃತಶಿಲೆ.

ಇನ್ನು ೧೯೫೬ರಲ್ಲಿ ಪೂರ್ಣಗೊಂಡ ವಿಧಾನಸೌಧ. ಬೆಂಗಳೂರಿನ ಬೂದು ಕಲ್ಲಿನ ಆ ಕಟ್ಟಡದ ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲನ್ನೂ ತುರುವೇಕೆರೆಯ ಕರಿಯ ಕಲ್ಲನ್ನೂ ಬಳಸಿದ್ದಾರೆ. ನಮ್ಮ ನೆಲೋಗಿಯವರೇ ಆದ ಧರ್ಮಸಿಂಗರು ೨೦೦೪ರಿಂದ ೨೦೦೬ರವರೆಗೆ ಮುಖ್ಯಮಂತ್ರಿಗಳಾಗಿ ಅದೇ ಸೌಧದಲ್ಲಿ ಕುಳಿತಿದ್ದರು. ಗುಲಾಬಿ ಕಲ್ಲಿನಿಂದ ಅವರ ಘನತೆಗೆ ಕುಂದು ಬಂದಿತೆಂದು ಊರಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಕಟ್ಟಡದಲ್ಲಿ ಗುಲಾಬಿ ಇದೆಯೆಂದು ಅದು ಹೆಂಗಸರದಾಗುವುದಿಲ್ಲ ಎನ್ನುವುದಕ್ಕೆ ಒಂದು ಅಂಕಿ ಸಾಕು: ೨೦೨೩ರ ಚುನಾವಣೆಯಲ್ಲಿ ವಿಧಾನಸಭೆಯ ೨೨೪ ಸ್ಥಾನಗಳಿಗೆ ಗೆದ್ದುಬಂದ ಮಹಿಳೆಯರು ಹತ್ತೇ ಮಂದಿ.

ಜಯಪುರದ ಹೆಸರನ್ನು ನಾನು ಹೇಳದಿದ್ದರೆ ಇತಿಹಾಸದ ಗುರುಗಳು ಕೇಳಿಯಾರು. ೧೮೭೬ರಲ್ಲಿ ಇಂಗ್ಲೆಂಡಿನ ಯುವರಾಜನ ಸ್ವಾಗತಕ್ಕಾಗಿ ಮಹಾರಾಜಾ ಎರಡನೆಯ ರಾಮಸಿಂಹರು ಊರಿಗೆ ಊರನ್ನೇ ಆ ಬಣ್ಣದಲ್ಲಿ ಅದ್ದಿಸಿದರೆಂಬುದು ಎಲ್ಲರೂ ಬಲ್ಲ ಕಥೆ. ಅದು ಸುಣ್ಣದಲ್ಲಿ ಕಲಸಿದ ಗೇರು. ಗೇರೆಂದರೆ ಮತ್ತೇನಲ್ಲ, ನಮ್ಮ ಆಯಿ ಸಂತೆಯಿಂದ ತರುವ ಕೆಮ್ಮಣ್ಣಿನ ಜಾತಿಯದೇ. ದೊರೆ ಮಾಡಿದರೆ ನಗರದ ಕೀರ್ತಿ, ಆಯಿ ಮಾಡಿದರೆ ಹಳ್ಳಿಯವರ ಹವ್ಯಾಸ!

ಈ ಮಾತನ್ನು ಸ್ವಲ್ಪ ಕೋಪದಿಂದಲೇ ಬರೆದೆ. ಕಾರಣವುಂಟು. ನಮ್ಮ ಹೆದ್ದಾರಿಯ ಇಕ್ಕೆಲಗಳಲ್ಲಿ ಈಚೆಗೆ ಎದ್ದಿರುವ ಮನೆಗಳ ಗುಲಾಬಿ, ಗಿಳಿಹಸಿರು ಬಣ್ಣಗಳನ್ನು ಕಂಡು ಪೇಟೆಯಿಂದ ಬಂದವರು ಮೂಗು ಮುರಿಯುವುದುಂಟು. ಅಭಿರುಚಿಯಿಲ್ಲದವರೆಂದು ನಮ್ಮನ್ನು ಕನಿಕರಿಸುವುದೂ ಉಂಟು. ಮೆಕ್ಸಿಕೋ ದೇಶದ ಲೂಯಿಸ್ ಬರಗಾನ್ ಎಂಬ ವಾಸ್ತುಶಿಲ್ಪಿ ೧೯೬೦ರ ದಶಕದಲ್ಲಿ ಕುದುರೆಲಾಯವೊಂದರ ಗೋಡೆಗಳಿಗೆ ಕಣ್ಣು ಕೋರೈಸುವ ಗುಲಾಬಿ ಹಚ್ಚಿಸಿದರು. ೧೯೮೦ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿಯೂ ಅವರಿಗೆ ಸಂದಿತು. ಇಂದಿಗೂ ಆ ಗೋಡೆಗಳ ಚಿತ್ರಗಳನ್ನು ಕಟ್ಟಡಶಾಸ್ತ್ರದ ವಿದ್ಯಾರ್ಥಿಗಳು ಭಕ್ತಿಯಿಂದ ನೋಡುತ್ತಾರೆ. ಅಲ್ಲಿಯ ಬಿಸಿಲಿಗೂ ನಮ್ಮ ಬಿಸಿಲಿಗೂ ಹೆಚ್ಚು ವ್ಯತ್ಯಾಸವಿರಲಾರದು. ಉರಿಬಿಸಿಲಿನಲ್ಲಿ ಸಪ್ಪೆ ಬಣ್ಣಗಳು ಸತ್ತುಹೋಗುತ್ತವೆ, ಗಟ್ಟಿ ಬಣ್ಣಗಳೇ ನಿಲ್ಲುತ್ತವೆ. ಇದನ್ನು ಬರಗಾನರು ಓದಿ ತಿಳಿದರೋ ನೋಡಿ ತಿಳಿದರೋ, ನಮ್ಮ ಹೆದ್ದಾರಿಯ ರೈತರಂತೂ ನೋಡಿಯೇ ತಿಳಿದವರು. ೨೦೧೬ನೆಯ ಇಸವಿಗೆಂದು ಪ್ಯಾಂಟೋನ್ ಎಂಬ ಅಮೆರಿಕದ ಸಂಸ್ಥೆ ತಿಳಿ ಗುಲಾಬಿಯೊಂದನ್ನು, ಜೊತೆಗೆ ತಿಳಿ ನೀಲಿಯೊಂದನ್ನು, “ವರ್ಷದ ಬಣ್ಣ”ವೆಂದು ಸಾರಿದ ಮೇಲೆ ದೊಡ್ಡ ನಗರಗಳ ಹೋಟೆಲು, ಅಂಗಡಿ, ದಿವಾನಖಾನೆಗಳೆಲ್ಲ ಗುಲಾಬಿಯಾದವು. ಆಗ ಅದು ನವೀನ ಅಭಿರುಚಿಯೆನಿಸಿತು.

ಗುಲಾಬಿ ಬಣ್ಣ ಮನಸ್ಸನ್ನು ಶಾಂತಗೊಳಿಸುವುದೆಂದೂ ಆದುದರಿಂದ ಹುಡುಗಿಯರ ಕೋಣೆಗೆ ಅದೇ ತಕ್ಕುದೆಂದೂ ವಾದಿಸಿದ ಗೆಳತಿಯೊಬ್ಬಳಿದ್ದಾಳೆ. ಇದರ ಹಿಂದೆಯೂ ಒಂದು ಕಥೆಯಿದೆ. ೧೯೭೯ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ನೌಕಾದಳದ ಸೆರೆಮನೆಯ ಕೋಣೆಯೊಂದಕ್ಕೆ ಗುಲಾಬಿ ಬಣ್ಣ ಹಚ್ಚಿ, ಕೈದಿಗಳ ಕ್ರೌರ್ಯ ತಗ್ಗಿತೆಂದು ಪ್ರಚಾರ ಮಾಡಿದರು. ಅಲ್ಲಿಯ ಅಧಿಕಾರಿಗಳಿಬ್ಬರ ಹೆಸರಿನಿಂದ ಆ ಬಣ್ಣಕ್ಕೆ ಬೇಕರ್-ಮಿಲ್ಲರ್ ಗುಲಾಬಿ ಎಂದೇ ಹೆಸರಾಯಿತು. ಆದರೆ ಸ್ವಿಟ್ಸರ್ಲೆಂಡಿನ ಸೆರೆಮನೆಯೊಂದರಲ್ಲಿ ಕೆಲವರನ್ನು ಗುಲಾಬಿ ಕೋಣೆಯಲ್ಲಿಯೂ ಕೆಲವರನ್ನು ಬಿಳಿಯ ಕೋಣೆಯಲ್ಲಿಯೂ ಇರಿಸಿ ಕ್ರಮವಾಗಿ ಪರೀಕ್ಷಿಸಿದವರಿಗೆ ಅಂತಹ ಪರಿಣಾಮವೇನೂ ಕಾಣಲಿಲ್ಲ; ಅವರ ವರದಿ ೨೦೧೫ರಲ್ಲಿ ಪ್ರಕಟವಾಯಿತು. ಅಲ್ಲದೆ, ಕೈದಿಗಳನ್ನು ತಣ್ಣಗಿಡಲೆಂದು ಯೋಚಿಸಿದ ಬಣ್ಣವನ್ನು ನಮ್ಮ ಓದಿನ ಕೋಣೆಗೆ ಶಿಫಾರಸು ಮಾಡುವುದು ಎಷ್ಟು ಮರ್ಯಾದೆಯ ಮಾತು ಎಂಬುದನ್ನು ಆ ಗೆಳತಿ ಯೋಚಿಸಲಿ.

ಮನೆಯ ಮಾತು ಹೀಗಾದರೆ ಊರ ಮಾತು ಇದಕ್ಕಿಂತ ದೊಡ್ಡದು. ೨೦೧೮ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದಲ್ಲಿ ಹೆಂಗಸರೇ ನಡೆಸುವ ಗುಲಾಬಿ ಮತಗಟ್ಟೆಗಳನ್ನು ತೆರೆದರು. ಗುಲಾಬಿ ಬಟ್ಟೆ, ಗುಲಾಬಿ ಬಲೂನು. ಅದು ಒಂದು ದಿನದ ಹಬ್ಬ, ಒಳ್ಳೆಯದೇ. ಅಲ್ಲಿ ಬಣ್ಣದ ಹಿಂದೆ ಮತಗಟ್ಟೆಯ ಅಧಿಕಾರವೂ ಹೆಂಗಸಿನ ಕೈಯಲ್ಲಿತ್ತು. ಆದರೆ ಬಣ್ಣವೊಂದೇ ಇದ್ದು ಹಿಂದೆ ಏನೂ ಇಲ್ಲದಿರುವ ಉದಾಹರಣೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸ್ಥಳದ ಹೆಸರು ಬೇಡ. ನನ್ನಂತೆ ಹಳ್ಳಿಗಳಿಂದ ಕಾಲೇಜಿಗೆ ಓಡಾಡುವ ಹುಡುಗಿಯರು ದಿನಾಲೂ ತಾಸುಗಟ್ಟಲೆ ಕಾಯುವ ಒಂದು ಜಾಗ. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಬಂದ ಮೇಲೆ ನಮಗೆ ಬಸ್ಸಿನ ಖರ್ಚು ತಪ್ಪಿತು, ಕಾಯುವುದು ತಪ್ಪಲಿಲ್ಲ. ಅಲ್ಲಿ ಹೆಂಗಸರಿಗೆಂದು ಒಂದು ಕೋಣೆಯನ್ನು ಹೊಸದಾಗಿ ಸಿದ್ಧಪಡಿಸಿದರು. ಒಳಗೂ ಹೊರಗೂ ಗುಲಾಬಿ. ಗೋಡೆಯ ಮೇಲೆ ಹೂವು, ಚಿಟ್ಟೆ. ಬಾಗಿಲಿಗೆ ಚಿಲಕವಿಲ್ಲ. ಶೌಚದ ನಲ್ಲಿಯಲ್ಲಿ ನೀರಿಲ್ಲ. ಮೊದಲ ವಾರ ಬಂದಿತ್ತೆಂದು ಹೇಳುವವರಿದ್ದಾರೆ, ನಾನು ನೋಡಲಿಲ್ಲ. ನೀರು ಕುಡಿದರೆ ಶೌಚಕ್ಕೆ ಹೋಗಬೇಕಾದೀತೆಂದು ಬೆಳಿಗ್ಗೆ ಮನೆ ಬಿಟ್ಟವರು ಸಂಜೆ ಮನೆ ಸೇರುವ ತನಕ ನೀರನ್ನೇ ಮುಟ್ಟದ ಗೆಳತಿಯರು ನನಗಿದ್ದಾರೆ. ೪೦ ಡಿಗ್ರಿ ದಾಟುವ ನಮ್ಮ ಏಪ್ರಿಲ್ ತಿಂಗಳಿನಲ್ಲಿ! ಪರೀಕ್ಷೆಯ ಕಾಲದಲ್ಲಿ ಒಬ್ಬಳು ತಲೆ ತಿರುಗಿ ಬಿದ್ದಳು. ಅವಳನ್ನು ಮಲಗಿಸಿದ್ದು ಆ ಚಿಟ್ಟೆಯ ಗೋಡೆಯ ಪಕ್ಕದಲ್ಲೇ. ಮುಖಕ್ಕೆ ಚಿಮುಕಿಸಲು ನೀರನ್ನು ಎದುರಿನ ಚಹಾದ ಅಂಗಡಿಯಿಂದ ತಂದೆವು.

ಚಿಲಕವೂ ನೀರೂ ಇದ್ದ ಮೇಲೆ ಆ ಕೋಣೆ ಗುಲಾಬಿಯಾಗಿರಲಿ, ಬೂದಿಯಾಗಿರಲಿ, ನನ್ನದೇನೂ ಆಕ್ಷೇಪಣೆಯಿಲ್ಲ.

ಆಯಿಯ ಸುಣ್ಣದ ಬಗ್ಗೆ ಇನ್ನೆರಡು ಮಾತು ಬಾಕಿಯಿದೆ. ಹೊಸ ಕೋಣೆಗಳ ಉತ್ಸಾಹದಲ್ಲಿ ಅಣ್ಣ ಹಳೆಯ ಪಡಸಾಲೆಗೂ ಡಬ್ಬಿಯ ಗುಲಾಬಿ ಬಣ್ಣವನ್ನೇ ಹಚ್ಚಿಸಿದ. ಮೊದಲ ತಿಂಗಳು ಗೋಡೆ ಕನ್ನಡಿಯಂತೆ ಹೊಳೆಯಿತು. ಹಿಂಗಾರಿ ಮಳೆಯಾದ ಮೇಲೆ ಬುಡದಲ್ಲಿ ಗುಳ್ಳೆ ಎದ್ದು, ಹಪ್ಪಳದಂತೆ ಕಿತ್ತುಬರತೊಡಗಿತು. ಕಲ್ಲು-ಮಣ್ಣಿನ ಗೋಡೆ ನೆಲದ ತೇವವನ್ನು ಹೀರಿ ಹೊರಕ್ಕೆ ಬಿಡುತ್ತಿರಬೇಕು. ಸುಣ್ಣ ಅದಕ್ಕೆ ದಾರಿ ಕೊಡುತ್ತದೆ, ಪ್ಲಾಸ್ಟಿಕ್ ಅಂಶವಿರುವ ಬಣ್ಣ ದಾರಿ ಕಟ್ಟುತ್ತದೆ. ಬಳಿದ ಸುಣ್ಣ ಗಾಳಿಯಲ್ಲಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲಾಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ತುಕ್ಕಿನದು. ಸುಣ್ಣದ ಖಾರಕ್ಕೂ ಬಿಸಿಲಿಗೂ ಅದು ಬಣ್ಣಗೆಡುವುದಿಲ್ಲ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿ ಆಯಿಗೆ ಹೇಳಿದೆ. “ಅದಕ್ಕೇ ಹಚ್ಚತಿದ್ದೆವು, ಮತ್ತ್ಯಾಕಂತ ತಿಳ್ಕೊಂಡಿ?” ಎಂದಳು. ಅಂದಹಾಗೆ ಹೊಸ ಸಿಮೆಂಟು ಗೋಡೆಗೆ ಡಬ್ಬಿಯ ಬಣ್ಣ ಒಗ್ಗುವುದೆಂಬುದನ್ನೂ ಒಪ್ಪಬೇಕು. ಎಲ್ಲದಕ್ಕೂ ಹಿಂದಿನದೇ ಚೆಂದವೆಂದು ವಾದಿಸಲು ನಾನು ಹೊರಟಿಲ್ಲ. ವರ್ಷ ವರ್ಷ ಸುಣ್ಣ ಕಲಸಿ, ಹಚ್ಚಿ, ಕೈ ಸುಟ್ಟುಕೊಂಡವರು ಹೆಂಗಸರೇ ಎಂಬುದು ನನಗೆ ಗೊತ್ತು.

ಪಡಸಾಲೆಯ ಗೋಡೆಯನ್ನು ಈಗ ಕೆರೆದು ಬಿಟ್ಟಿದ್ದೇವೆ, ಯುಗಾದಿಗೆ ಸುಣ್ಣ. ನನ್ನ ಕೋಣೆ ಇನ್ನೂ ಬಣ್ಣ ಕಾಣದೆ ಸಿಮೆಂಟಿನ ಬೂದಿಯಲ್ಲಿಯೇ ಇದೆ. ಮೂರು ತಿಂಗಳು ಮಾತುಕತೆಯಾಗಿ, ಅವ್ವ ನನ್ನ ಕಡೆಗೆ ತಿರುಗಿದ ಮೇಲೆ, ಮೂಡಣ ಗೋಡೆಯಲ್ಲಿ ಒಂದು ಕಿಟಕಿ ಒಡೆಸಲು ಅಪ್ಪ ಒಪ್ಪಿದ್ದಾರೆ. ಓಣಿಯ ಕಡೆಗೇ. ತೊಗರಿ ರಾಶಿ ಮುಗಿಯಲಿ, ಬರುತ್ತೇನೆಂದು ಗೌಂಡಿ ಹೇಳಿ ಕಳಿಸಿದ್ದಾನೆ. ಬಣ್ಣದವನು ಮೊನ್ನೆ ಕ್ರಾಸಿನಲ್ಲಿ ಸಿಕ್ಕು, “ಯಾವ ಬಣ್ಣ ಅಂತ ಠರಾಯಿಸಿದಿ, ತಂಗಿ?” ಎಂದು ಕೇಳಿದ. ಬೆಳಕು ಬಂದ ಮೇಲೆ ನೋಡಿ ಹೇಳುತ್ತೇನೆಂದೆ.